ಎಮ್ಮಿಹಳ್ಳದ ಮೇಲೆ ಮಲಗಿದ ಎಂಟು

ನಾಲ್ಕು ತಾಲೂಕುಗಳ ಕಾಲುಸೇತುವೆ ಪ್ರಾಧಿಕಾರದ ದಾಖಲೆಗಳ ಪ್ರಕಾರ, ಜಾಲಿಕಟ್ಟಿ ಗ್ರಾಮದ ಎಮ್ಮಿಹಳ್ಳದ ಮೇಲಿನ ಕಾಲುಸೇತುವೆಯನ್ನು ಇಲ್ಲಿಯವರೆಗೆ ಒಬ್ಬರೂ ದಾಟಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಪ್ರಾಧಿಕಾರಕ್ಕೆ ಒಟ್ಟು ನಲವತ್ತೊಂದು ಕಾಲುಸೇತುವೆಗಳಿದ್ದು, ಅವುಗಳ ಪೈಕಿ ಕಟ್ಟಿ ಮುಗಿದದ್ದು ಇದೊಂದೇ. ಆದಕಾರಣ ಇದನ್ನು ಯಾರೂ ದಾಟದಂತೆ ನೋಡಿಕೊಳ್ಳುವುದು ಪ್ರಾಧಿಕಾರದ ಪ್ರಥಮ ಕರ್ತವ್ಯವಾಗಿತ್ತು.

ಸೇತುವೆಯನ್ನು ಕಟ್ಟಿದವನು ಸವಣೂರಿನ ಗೌಂಡಿ ಖಾದರಸಾಬ. ಅರವತ್ತೆರಡು ವರ್ಷದ, ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿಯ ಮನುಷ್ಯ. ಕೆಲಸದಲ್ಲಿ ಎಷ್ಟು ಚೊಕ್ಕನೋ ರಿವಾಜಿನಲ್ಲಿ ಅಷ್ಟೇ ಹಟಮಾರಿ. ಅವನ ಮನೆತನದ ರಿವಾಜು ಹೀಗಿತ್ತು: ಮನೆ ಕಟ್ಟಿದರೆ ಶನಿವಾರಕ್ಕೊಮ್ಮೆ ಪಗಾರ ಎಣಿಸಿಕೊಳ್ಳಬಹುದು. ಆದರೆ ಬಾವಿ, ಸೇತುವೆ, ದನ ನೀರು ಕುಡಿಯುವ ತೊಟ್ಟಿ, ಇಂಥ ನೀರಿನ ಕೆಲಸಕ್ಕೆ ಮುಂಗಡವಾಗಿ ಒಂದು ಪೈಸೆ ಮುಟ್ಟುವಂತಿಲ್ಲ. ಬಾವಿಯಾದರೆ ಮೊದಲ ಕೊಡ ಮೇಲೆ ಬರಬೇಕು. ಸೇತುವೆಯಾದರೆ ಮೊದಲ ಮನುಷ್ಯ ದಾಟಬೇಕು. ಆಗ ಗೌಂಡಿ ತನ್ನ ಕರಣಿಯನ್ನು ಅದೇ ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಕೂಲಿಗೆ ಕೈಯೊಡ್ಡಬೇಕು. ಕರಣಿ ತೊಳೆಯುವ ತನಕ ಬೇರೆ ಯಾವ ಕೆಲಸವನ್ನೂ ಹಿಡಿಯುವಂತಿಲ್ಲ. ಈ ಕರಣಿ ಅವನ ಅಜ್ಜನದು. ಗಾರೆ ಮೆತ್ತಿ ಮೆತ್ತಿ ಅದರ ತುದಿ ಸವೆದು ಅರ್ಧವಾಗಿತ್ತು, ಹಿಡಿಕೆ ಮಾತ್ರ ಮೂರು ತಲೆಮಾರಿನ ಕೈ ತಾಗಿ ಮಿರಿಮಿರಿ ಹೊಳೆಯುತ್ತಿತ್ತು.

ಪ್ರಾಧಿಕಾರದ ಸಹಾಯಕ ಅಭಿಯಂತರರಾದ ಅಂಬರೀಶ ಅವರು ಕರಾರು ಪತ್ರ ಬರೆಯುವಾಗ ಈ ರಿವಾಜನ್ನು ಕೇಳಿ ಬಹಳ ಸಂತೋಷಪಟ್ಟರು. ಅವರ ಇಡೀ ಸೇವಾವಧಿಯಲ್ಲಿ ಮುಂಗಡ ಬೇಡವೆಂದ ಮನುಷ್ಯ ಎದುರಿಗೆ ಬಂದದ್ದು ಇದೇ ಮೊದಲು. ಕೂಡಲೇ ಕಲಮು ಹಾಕಿದರು: "ಮೊದಲ ವ್ಯಕ್ತಿಯು ಸೇತುವೆಯನ್ನು ದಾಟಿರುವುದಾಗಿ ಗೌಂಡಿಯು ಹೇಳಿದ ದಿನ ಕೂಲಿ ರೂಪಾಯಿ ಎಂಬತ್ತಾರು ಸಾವಿರವನ್ನು ಪಾವತಿಸತಕ್ಕದ್ದು. ದಾಟಿದ್ದಾರೆ ಅಥವಾ ದಾಟಿಲ್ಲ ಎಂದು ಹೇಳುವ ಅಧಿಕಾರವು ಗೌಂಡಿಗೆ ಮಾತ್ರ ಇರತಕ್ಕದ್ದು."

ಕೆಲಸ ಶುರುವಾದದ್ದು ಜನವರಿಯಲ್ಲಿ, ಮುಗಿದದ್ದು ಮಾರ್ಚಿನಲ್ಲಿ. ಜಾಲಿಕಟ್ಟಿ ಇರುವುದು ತಿಳವಳ್ಳಿ ಕಡೆಗೆ. ಊರು ಹಳ್ಳದ ಆಚೆ, ಬಸ್ಸು ಈಚೆ. ಸಾಲಿ, ಹಾಲಿನ ಡೇರಿ, ಔಷಧದ ಅಂಗಡಿ ಎಲ್ಲ ಈಚೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹನ್ನೊಂದು ಕಿಲೋಮೀಟರು ಸುತ್ತಬೇಕು. ಹೀಗಾಗಿ ಊರಿಗೆ ಊರೇ ಕೆಲಸಕ್ಕೆ ನಿಂತಿತು. ಊರ ಮುಂದೆ ಬಿದ್ದುಹೋದ ಅಗಸಿ ಬಾಗಿಲಿನ ಕಲ್ಲುಗಳನ್ನು ಜನ ತಾವೇ ಹೇರಿಕೊಂಡು ಬಂದರು. ಸಿಮೆಂಟು ಮತ್ತು ಕಬ್ಬಿಣ ಹೋದ ವರ್ಷದ ಗಟಾರದ ಕಾಮಗಾರಿಯಲ್ಲಿ ಉಳಿದದ್ದು. ಆ ಗಟಾರವು ಕಾಗದದ ಮೇಲೆ ಅತ್ಯಂತ ಗಟ್ಟಿಮುಟ್ಟಾಗಿ ಆಗಿದ್ದುದರಿಂದ ಸಾಮಾನೆಲ್ಲ ಹಾಗೆಯೇ ಉಳಿದಿತ್ತು. ಮಧ್ಯಾಹ್ನದ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಭರಮವ್ವನ ಮನೆಯಿಂದ. ಭರಮವ್ವ ನಾಲ್ಕು ಎಮ್ಮೆ ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸು. ಎಮ್ಮೆಗಳಿಗಿಂತ ಗಟ್ಟಿ ದನಿ ಅವಳದು.

ಸೇತುವೆ ಮುಗಿದ ಮರುದಿನ ಖಾದರಸಾಬ ಹಾನಗಲ್‌ನ ಪ್ರಾಧಿಕಾರದ ಕಚೇರಿಗೆ ಬಂದ. ಅಲ್ಲಿ ಆ ವರ್ಷವೇ 'ಮೌಲ್ಯದರ್ಶಿ' ಎಂಬ ತಂತ್ರಾಂಶ ಬಂದು ಕುಳಿತಿತ್ತು. ಅದಕ್ಕೆ ಅಂಕಿ ಉಣಿಸುವವಳು ಹೇಮಾ, ಗುತ್ತಿಗೆಯ ಮೇಲೆ ಇದ್ದ ಕಂಪ್ಯೂಟರ ಹುಡುಗಿ.

"ನೋಡ್ರಿ ಚಾಚಾ," ಎಂದು ಹೇಮಾ ಪರದೆ ತೋರಿಸಿದಳು. "ಇದರಾಗ ಎರಡ ಖಾನೆ ಅದಾವ. ಆದ ಕೆಲಸದ ಬೆಲಿ ಎಷ್ಟು ಅಂತ ಒಂದು. ಅದಕ್ಕ ನಿಜವಾಗಿ ಬಿಟ್ಟ ರೊಕ್ಕ ಎಷ್ಟು ಅಂತ ಇನ್ನೊಂದು. ಮೊದಲನೇದನ್ನ ಎರಡನೇದರಿಂದ ಭಾಗಸ್ತೈತಿ. ಒಂದಕ್ಕಿಂತ ಹೆಚ್ಚ ಬಂದ್ರ ಹಸರ ಚುಕ್ಕಿ, ಕಡಿಮಿ ಬಂದ್ರ ಕೆಂಪ ಚುಕ್ಕಿ. ನಿಮ್ಮ ಕೆಲಸದ ಬೆಲಿ ಆರ ಲಕ್ಷ. ಖರ್ಚ ಎಷ್ಟ ಆತ್ರಿ?"

"ಇನ್ನೂ ಏನೂ ಇಲ್ಲವಾ."

"ಕಲ್ಲಿಗೆ?"

"ಊರಾಗಿನವು."

"ಸಿಮೆಂಟಿಗೆ?"

"ಅದು ಗಟಾರದ ಲೆಕ್ಕದಾಗ ಹೋಗೇತಂತ."

"ನಿಮ್ಮ ಕೂಲಿ?"

"ಯಾರರ ದಾಟಿದ ಮ್ಯಾಲ."

ಹೇಮಾ ಪ್ರಾಮಾಣಿಕಳು. ಕಚೇರಿಗೆ ಸೇರಿ ಐದೇ ತಿಂಗಳಾಗಿತ್ತು. ಎರಡನೆಯ ಖಾನೆಯಲ್ಲಿ ಸೊನ್ನೆ ಹಾಕಿದಳು. ತಂತ್ರಾಂಶ ಸ್ವಲ್ಪ ಹೊತ್ತು ಗಿರಗಿರ ತಿರುಗಿತು. ಆಮೇಲೆ ಪರದೆಯ ಮೇಲೆ ಒಂದು ಎಂಟು ಕಾಣಿಸಿಕೊಂಡಿತು. ನಿಂತ ಎಂಟಲ್ಲ, ಅಡ್ಡಾದ ಎಂಟು.

"ಎಂಟು ಯಾಕ ಮಲಗೇತಿ?" ಎಂದು ಖಾದರಸಾಬ ಕೇಳಿದ.

"ಗೊತ್ತಿಲ್ರಿ. ದಣದಿರಬೇಕು."

ಅಂಬರೀಶ ಅವರು ಚಹದ ಕಪ್ಪು ಹಿಡಿದು ಬಂದು ಪರದೆ ನೋಡಿದರು. ಕಪ್ಪು ಕೆಳಗಿಟ್ಟರು. ಕುರ್ಚಿಯ ಮೇಲೆ ಕುಳಿತರು. ಎದ್ದರು. ಮತ್ತೆ ಕುಳಿತರು. "ಅನಂತ!" ಎಂದರು. "ಹೇಮಾ, ಇದು ಎಂಟಲ್ಲ. ಇದು ಅನಂತ. ನಮ್ಮ ದಕ್ಷತಾ ಅನಂತ ಆಗೇತಿ!"

ಈ ಸಂತೋಷ ಅರ್ಥವಾಗಬೇಕಾದರೆ ಉಳಿದ ನಲವತ್ತು ಸೇತುವೆಗಳ ಸ್ಥಿತಿಗತಿ ತಿಳಿದಿರಬೇಕು. ತಡಸದ ಹತ್ತಿರದ ಸೇತುವೆಗೆ ಪೂರ್ತಿ ಹಣ ಖರ್ಚಾಗಿ ಮೂರು ಕಂಬ ಎದ್ದಿದ್ದವು, ಮೂರೂ ಒಂದೇ ದಂಡೆಯ ಮೇಲೆ. ಹಂಸಭಾವಿ ಕಡೆಯ ಸೇತುವೆಗೆ ಮೂರು ಕಂತು ಬಿಡುಗಡೆಯಾಗಿತ್ತು, ಅದು ಯಾವ ಹಳ್ಳದ ಮೇಲೆ ಎಂಬುದು ಮಾತ್ರ ಪತ್ತೆಯಾಗಿರಲಿಲ್ಲ. ನಲವತ್ತಕ್ಕೆ ನಲವತ್ತೂ ಕೆಂಪು ಚುಕ್ಕಿ. ಆದರೆ ಮೌಲ್ಯದರ್ಶಿ ಪ್ರಾಧಿಕಾರಕ್ಕೆ ಅಂಕ ಕೊಡುವುದು ಎಲ್ಲವುಗಳ ಸರಾಸರಿಯ ಮೇಲೆ. ನಲವತ್ತು ಕೆಂಪಿಗೆ ಒಂದು ಅನಂತವನ್ನು ಕೂಡಿಸಿ ನಲವತ್ತೊಂದರಿಂದ ಭಾಗಿಸಿದರೆ ಬರುವುದೂ ಅನಂತವೇ. ಅಂದರೆ ಆ ಕ್ಷಣದಿಂದ ನಾಲ್ಕೂ ತಾಲೂಕು ಹಸಿರಾಗಿದ್ದವು.

"ಹಂಗಾರ ಯಾವಾಗ ಬಿಡ್ತೀರಿ ಸೇತುವೆನ?" ಎಂದ ಖಾದರಸಾಬ. "ಒಬ್ಬರು ದಾಟಿದ್ರ ಸಾಕ್ರಿ ಸಾಹೇಬ್ರ. ನನ್ನ ಕೂಲಿ ಬರ್ತೈತಿ. ಮನಿ ಮಾಳಿಗಿ ಸೋರಾಕತ್ತೈತಿ, ಮಳಿಗಾಲಕ್ಕ ಮೊದಲ ಅದನ್ನ ನೋಡಬೇಕು."

ಅಂಬರೀಶ ಅವರ ಮುಖ ಗಂಭೀರವಾಯಿತು. ಒಬ್ಬರು ದಾಟಿದರೆ ಕೂಲಿ. ಕೂಲಿ ಕೊಟ್ಟರೆ ಖರ್ಚು. ಖರ್ಚು ಬಂದರೆ ಅನಂತವು ಏಳಕ್ಕೆ ಬಂದು ನಿಲ್ಲುತ್ತದೆ. ಏಳನ್ನು ನಲವತ್ತೊಂದು ಮಂದಿಗೆ ಹಂಚಿದರೆ ಯಾರ ಹೊಟ್ಟೆಯೂ ತುಂಬದು.

"ನೋಡೂಣು," ಎಂದರು.

ಮೂರನೆಯ ದಿನ ಎಮ್ಮಿಹಳ್ಳದ ಎರಡೂ ದಂಡೆಗಳಲ್ಲಿ ಫಲಕ ಬಂತು: "ಪ್ರಕಟಣೆ. ಈ ಸೇತುವೆಯು ಪೂರ್ಣಗೊಂಡಿದ್ದು ಸಾರ್ವಜನಿಕರ ಉಪಯೋಗಕ್ಕಾಗಿ ಇರುತ್ತದೆ. ಆದ್ದರಿಂದ ಸಾರ್ವಜನಿಕರು ಇದನ್ನು ಉಪಯೋಗಿಸಬಾರದು. ಸೇತುವೆಯನ್ನು ದಾಟುವುದು ನಾಲ್ಕು ತಾಲೂಕುಗಳ ಪ್ರಗತಿಗೆ ಧಕ್ಕೆ ತರುವ ಕೃತ್ಯವಾಗಿರುತ್ತದೆ." ಕಾಯಲು ಕನಕಪ್ಪ ಎಂಬ ಪಹರೆಯವನನ್ನು ನೇಮಿಸಿದರು. ಅವನ ಪಗಾರವನ್ನು ಈ ಸೇತುವೆಯ ಲೆಕ್ಕಕ್ಕೆ ಹಚ್ಚುವಂತಿರಲಿಲ್ಲವಾದ್ದರಿಂದ ತಡಸದ ಲೆಕ್ಕಕ್ಕೆ ಹಚ್ಚಿದರು. ಅದು ಹೇಗೂ ಕೆಂಪು, ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ.

ಏಪ್ರಿಲ್ ತಿಂಗಳಲ್ಲಿ ಖಾದರಸಾಬನಿಗೆ ಸನ್ಮಾನವಾಯಿತು. ಪ್ರಾಧಿಕಾರದ ಮುಖ್ಯಸ್ಥರು ಒಂದೂವರೆ ತಾಸು ಭಾಷಣ ಮಾಡಿ, "ಖರ್ಚಿಲ್ಲದೆ ಕೆಲಸ ಮಾಡುವುದು ಹೇಗೆಂದು ನಾವು ಇಂಥವರಿಂದ ಕಲಿಯಬೇಕು" ಎಂದರು. ಅವರ ಎದುರಿಗೆ ಗೋಡಂಬಿಯ ತಟ್ಟೆಗಳು ಮೂರು ಸಲ ಖಾಲಿಯಾಗಿ ನಾಲ್ಕನೆಯ ಸಲ ತುಂಬಿಕೊಂಡವು. ಖಾದರಸಾಬನಿಗೆ ಶಾಲು ಹೊದಿಸಿದರು, ಫೋಟೋ ತೆಗೆದರು, ಕೂಡಲೇ ಶಾಲು ಬಿಚ್ಚಿ ಮಡಿಚಿಟ್ಟರು. ಅದನ್ನು ಅವನಿಗೇ ಬಿಟ್ಟರೆ ಸೇತುವೆಯ ಖರ್ಚಿನಲ್ಲಿ ನೂರಾ ಎಂಬತ್ತು ರೂಪಾಯಿ ಬೀಳುತ್ತಿತ್ತು. ಅನಂತವನ್ನು ನೂರಾ ಎಂಬತ್ತು ರೂಪಾಯಿಗೆ ಮಾರುವಷ್ಟು ಬುದ್ಧಿಗೇಡಿಗಳು ಅಲ್ಲಿ ಯಾರೂ ಇರಲಿಲ್ಲ.

"ಚಲೋ ಬೆಚ್ಚಗ ಇತ್ತು," ಎಂದು ಖಾದರಸಾಬ ಮನೆಗೆ ಬಂದು ಹೆಂಡತಿ ಮಾಬೂಬಿಗೆ ಹೇಳಿದ.

"ಎಷ್ಟ ಹೊತ್ತು?"

"ಫೋಟೋ ತಗಿಯೂತನಕ."

ಮಾಬೂಬಿ ಮಾಳಿಗೆಯತ್ತ ಕೈ ತೋರಿಸಿದಳು. "ಊರ ಮಂದಿ ಮನಿ ಕಟ್ಟಾಂವ ನೀವು. ನಮ್ಮ ಮನ್ಯಾಗ ಮಳಿ ಬಂದ್ರ ನಾಕ ಪಾತೇಲಿ ಇಡಬೇಕು. ಹೋದ ವರ್ಷ ನಿಮ್ಮ ತಾಟಿನಾಗ ಹನಿ ಬಿತ್ತು, ಸಾರು ತೆಳ್ಳಗಾತು ಅಂತ ನನಗ ಬೈದ್ರಿ. ಆ ಕರಣಿ ತಗೊಂಡು ಒಂದೆರಡ ದಿನ ಮ್ಯಾಲ ಹತ್ರಲಾ."

"ಕರಣಿ ತೊಳದಿಲ್ಲ, ಮಾಬೂಬಿ."

ನಲವತ್ತು ವರ್ಷ ಅವನೊಂದಿಗೆ ಬಾಳಿದವಳಿಗೆ ಆ ಮಾತಿನ ಅರ್ಥ ಗೊತ್ತಿತ್ತು. ಸಿಟ್ಟು ಬಂದದ್ದೂ ನಿಜ. ಪಾತೇಲಿಗಳನ್ನು ಅವತ್ತೇ ಅಟ್ಟದಿಂದ ಇಳಿಸಿ, ಅವನಿಗೆ ಕೇಳುವಂತೆ ಗಡಗಡ ಸದ್ದು ಮಾಡಿ ತೊಳೆದಿಟ್ಟಳು.

ಅಷ್ಟರಲ್ಲಿ ಅನಂತದ ಸುದ್ದಿ ಹಬ್ಬಿತ್ತು. ಶಿಗ್ಗಾವಿಯಲ್ಲಿ ಎಲ್ಲ ಅಭಿಯಂತರರಿಗೆ ಎರಡು ದಿನದ ತರಬೇತಿ ಏರ್ಪಾಡಾಯಿತು, ವಿಷಯ "ನಿಜ ವೆಚ್ಚದಿಂದ ಮುಕ್ತಿ". ತರಬೇತಿಯ ವೆಚ್ಚವನ್ನು ತಡಸಕ್ಕೆ ಹಚ್ಚಿದರು. ಹಿರೇಕೆರೂರು ಭಾಗದ ಒಬ್ಬ ಉತ್ಸಾಹಿ ಅಭಿಯಂತರರು ಖರ್ಚನ್ನೂ ಮಾಡದೆ ಕೆಲಸವನ್ನೂ ಮಾಡದೆ ಎರಡೂ ಖಾನೆಗಳಿಗೆ ಸೊನ್ನೆ ತುಂಬಿದರು. ಮೌಲ್ಯದರ್ಶಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗಿ ಅರ್ಧ ದಿನ ಒದ್ದಾಡಿ, "ದಯವಿಟ್ಟು ಮತ್ತೊಮ್ಮೆ ಯೋಚಿಸಿ" ಎಂದು ಉತ್ತರಿಸಿತು. ತಂತ್ರಾಂಶವೊಂದು ಅಧಿಕಾರಿಗೆ ಬುದ್ಧಿ ಹೇಳಿದ್ದು ಶಿಸ್ತಿನ ಉಲ್ಲಂಘನೆಯೆಂದು ಅದಕ್ಕೆ ಕಾರಣ ಕೇಳಿ ನೋಟೀಸು ಜಾರಿಯಾಯಿತು. ನಿಗದಿತ ಏಳು ದಿನಗಳಲ್ಲಿ ತಂತ್ರಾಂಶವು ಉತ್ತರಿಸದ ಕಾರಣ ಅದು ತಪ್ಪೊಪ್ಪಿಕೊಂಡಿದೆಯೆಂದು ಭಾವಿಸಿ ಕಡತವನ್ನು ಮುಕ್ತಾಯಗೊಳಿಸಲಾಯಿತು.

ಇತ್ತ ಜಾಲಿಕಟ್ಟಿಯ ಜನ ಸೇತುವೆಯ ಕೆಳಗೆ ಇಳಿದು, ಒಣಗಿದ ಹಳ್ಳದ ಕಲ್ಲು ತುಳಿದು, ಆಚೆ ಹತ್ತುತ್ತಿದ್ದರು. ಸೇತುವೆಯಿಂದ ಅವರಿಗೆ ಆದ ಲಾಭವೆಂದರೆ ನಡುವೆ ಹತ್ತು ಹೆಜ್ಜೆ ನೆರಳು. ಒಂದು ಮುಂಜಾನೆ ಭರಮವ್ವ ಎರಡು ಹಾಲಿನ ಕ್ಯಾನು ಹೊತ್ತು ಸೀದಾ ಹಾನಗಲ್ ಕಚೇರಿಗೇ ಬಂದಳು.

"ಏನ್ರಿ ಸಾಹೇಬ್ರ, ಸೇತುವಿ ಕಟ್ಟಾಕ ನನ್ನ ರೊಟ್ಟಿ ಬೇಕಿತ್ತು. ದಾಟಾಕ ನಾ ಬ್ಯಾಡೇನು?"

"ದಾಟಬ್ಯಾಡ್ರಿ ಅಂತ ಅಷ್ಟ ಅಂದೇವಿ ಭರಮವ್ವ, ಹತ್ತಬ್ಯಾಡ್ರಿ ಅಂತ ಅಂದಿಲ್ಲಲಾ," ಎಂದು ಅಂಬರೀಶ ಅವರು ಸೌಮ್ಯವಾಗಿ ಉತ್ತರಿಸಿದರು. ಉತ್ತರಿಸಿದ ಮೇಲೆ ಅವರಿಗೇ ಅದರ ಆಳ ಹೊಳೆಯಿತು. ನಿಯಮಾವಳಿ ತೆಗೆದು ನೋಡಿದರೆ, ದಾಟುವುದೆಂದರೆ ಒಂದು ದಂಡೆಯಿಂದ ಹೊರಟು ಇನ್ನೊಂದು ದಂಡೆಗೆ ಕಾಲಿಡುವುದು. ಅರ್ಧ ಸೇತುವೆಯನ್ನು ಹತ್ತಿ ನಿಂತವರನ್ನು ದಾಟಿದವರೆಂದು ಯಾವ ಕಾನೂನೂ ಹೇಳುವುದಿಲ್ಲ.

ಮರುದಿನ ಸೇತುವೆಯ ನಟ್ಟನಡುವೆ ಬಿಳಿ ಗೆರೆ ಎಳೆದರು. ಆಚೆಯವರು ಗೆರೆಯ ತನಕ ಬರಬಹುದು, ಈಚೆಯವರು ಗೆರೆಯ ತನಕ ಹೋಗಬಹುದು. ಭರಮವ್ವ ಗೆರೆಯ ಹತ್ತಿರ ನಿಂತು ಕ್ಯಾನು ಕೊಡುವಳು, ಡೇರಿಯವನು ಈಚೆ ನಿಂತು ತೆಗೆದುಕೊಳ್ಳುವನು. ಔಷಧದ ಪೊಟ್ಟಣ, ಲಗ್ನಪತ್ರಿಕೆ, ಬೀಗರ ಮನೆಯ ಉಂಡಿ ಎಲ್ಲವೂ ಗೆರೆಯ ಮೇಲಿನಿಂದ ಕೈ ಬದಲಾಯಿಸತೊಡಗಿದವು. ಗೆರೆಯ ಮೇಲೆ ಎಲೆ ಅಡಿಕೆಯ ಒಂದು ಅಂಗಡಿಯೂ ಬಂತು. ಕನಕಪ್ಪ ಗೆರೆಗೆ ಕುರ್ಚಿ ಹಾಕಿಕೊಂಡು, ಅದರ ಎರಡು ಕಾಲು ಆಚೆ, ಎರಡು ಕಾಲು ಈಚೆ ಇರುವಂತೆ ಕುಳಿತ. ಕುರ್ಚಿ ಯಾವ ಕಡೆಯದು ಎಂಬ ಬಗ್ಗೆ ಪತ್ರವ್ಯವಹಾರ ನಡೆಯಿತು.

ವಸ್ತುಗಳ ಸಮಸ್ಯೆ ಬಗೆಹರಿಯಿತು, ಮನುಷ್ಯರದು ಉಳಿಯಿತು. ಸಾಲಿ ಮಕ್ಕಳನ್ನು ಕ್ಯಾನಿನಂತೆ ಕೈ ಬದಲಾಯಿಸಿ ನೋಡಿದರು. ಆದರೆ ಎತ್ತಿ ದಾಟಿಸಿದರೂ ದಾಟಿದಂತೆಯೇ ಎಂದು ಕನಕಪ್ಪ ತಕರಾರು ತೆಗೆದ. ಆಗ ಪ್ರಾಧಿಕಾರ ಗೆರೆಯ ಎರಡೂ ಬದಿಗೆ ಕಬ್ಬಿಣದ ಏಣಿ ಇಳಿಸಿತು. ಜನ ಅರ್ಧ ಸೇತುವೆ ನಡೆದು, ಒಂದು ಏಣಿಯಿಂದ ಹಳ್ಳಕ್ಕೆ ಇಳಿದು, ಕೆಳಗೆ ಎರಡು ಹೆಜ್ಜೆ ಹಾಕಿ, ಇನ್ನೊಂದು ಏಣಿಯಿಂದ ಹತ್ತಿ, ಉಳಿದರ್ಧ ನಡೆಯುವುದು. ಎರಡು ಏಣಿಗಳ ಅಂದಾಜು ವೆಚ್ಚ ಒಂಬತ್ತು ಲಕ್ಷ, ಸೇತುವೆಯ ಒಂದೂವರೆ ಪಟ್ಟು. ಮುಂಗಡವೇ ಐದು ಲಕ್ಷ. ಈ ಖರ್ಚೂ ತಡಸಕ್ಕೇ ಹೋಯಿತು. ಅಲ್ಲಿನ ಕೆಂಪು ಚುಕ್ಕಿ ಈಗ ಪರದೆಯ ಕಾಲು ಭಾಗಕ್ಕೆ ಹರಡಿತ್ತು.

ಖಾದರಸಾಬ ವಾರಕ್ಕೊಮ್ಮೆ ಸವಣೂರಿನಿಂದ ಬಸ್ಸು ಹಿಡಿದು ಬರುತ್ತಿದ್ದ. ಹಳೆಯ ದೋತರದ ತುಂಡಿನಲ್ಲಿ ಸುತ್ತಿದ ಕರಣಿ ಬಗಲಲ್ಲಿ. ಬಂದು ದಂಡೆಯ ಕಲ್ಲಿನ ಮೇಲೆ ಕುಳಿತು ತನ್ನ ಸೇತುವೆಯನ್ನೂ ಅದರ ನಡುವೆ ಇಳಿದು ಹತ್ತುವ ಜನರನ್ನೂ ನೋಡುತ್ತಿದ್ದ. ಅಜ್ಜ ಕಟ್ಟಿದ ಬಾವಿಯ ನೀರನ್ನು ಈಗಲೂ ಮಂದಿ ಕುಡಿಯುತ್ತಾರೆ. ತಾನು ಕಟ್ಟಿದ್ದನ್ನು ಮಂದಿ ನೋಡುತ್ತಾರೆ ಅಷ್ಟೇ. ಅವನಿಗೆ ಕೂಲಿಗಿಂತ ಅದೇ ಹೆಚ್ಚು ಸಂಕಟವಾಗಿತ್ತು. ಒಮ್ಮೆ ಏಣಿ ಹತ್ತುವಾಗ ಒಬ್ಬ ಮುದುಕಿಯ ಸೀರೆ ಕೊಕ್ಕೆಗೆ ಸಿಕ್ಕಿಕೊಂಡು ಅವಳು ಅಲ್ಲಿಯೇ ನೇತಾಡಿದಾಗ ಅವನು ಎದ್ದು ಹೋಗಿ ಬಿಡಿಸಿ, ಬಂದು ಕುಳಿತು, ಟವೆಲಿನಿಂದ ಕಣ್ಣು ಒರೆಸಿಕೊಂಡ.

"ನೀವ ಒಂದ ಸಲ ದಾಟಿಬಿಡ್ರಿ," ಎಂದು ಕನಕಪ್ಪ ಕರುಣೆಯಿಂದ ಹೇಳಿದ. "ನಾ ಆ ಕಡೆ ಮಾರಿ ಮಾಡ್ತೇನಿ."

"ಕಟ್ಟಿದಾಂವ ಮೊದಲ ದಾಟಬಾರದಪಾ. ಅಡಗಿ ಮಾಡಿದಾಕಿ ಮೊದಲ ಉಣ್ಣತಾಳೇನು?"

ಜೂನ್ ತಿಂಗಳ ಎರಡನೆಯ ವಾರ ಮಳೆ ಹಿಡಿಯಿತು. ಎಂಥ ಮಳೆ! ಮೂರು ದಿನ ಬಿಡದೆ ಹೊಡೆಯಿತು. ಸವಣೂರಿನಲ್ಲಿ ಮಾಬೂಬಿಯ ನಾಲ್ಕು ಪಾತೇಲಿ ಸಾಲದೆ ಏಳಾದವು. ನಾಲ್ಕನೆಯ ಮುಂಜಾನೆ ಖಾದರಸಾಬ ಸೇತುವೆಗೆ ಏನಾಯಿತೋ ಎಂದು ಕೊಡೆ ಹಿಡಿದು ಓಡಿ ಬಂದ. ಎಮ್ಮಿಹಳ್ಳ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಒಂಬತ್ತು ಲಕ್ಷದ ಎರಡೂ ಏಣಿಗಳು ಕಿತ್ತುಕೊಂಡು ಹೋಗಿದ್ದವು. ಫಲಕಗಳೂ ಹೋಗಿದ್ದವು. ಸೇತುವೆಯ ಒಂದು ಕಲ್ಲೂ ಅಲುಗಾಡಿರಲಿಲ್ಲ.

ಆಚೆಯ ದಂಡೆಯಲ್ಲಿ ಭರಮವ್ವ ನಿಂತಿದ್ದಳು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಎರಡೂ ಕೈಯಲ್ಲಿ ಕ್ಯಾನು. ಡೇರಿಯವನು ಮಳೆಯಲ್ಲಿ ಗೆರೆಯ ತನಕ ಬಂದಿರಲಿಲ್ಲ. ಅವಳು ಗೆರೆಯ ತನಕ ಬಂದಳು. ಕೆಳಗೆ ನೋಡಿದಳು. ಈಚೆ ನೋಡಿದಳು.

"ಹಾಲ ಒಡದ ಹೊಕ್ಕೈತಿ, ನಿಮ್ಮ ಪ್ರಗತಿಗೆ ಬೆಂಕಿ ಹತ್ತಲಿ!" ಎಂದು ಹಳ್ಳದ ಸದ್ದಿಗಿಂತ ಜೋರಾಗಿ ಕೂಗಿ, ಗೆರೆ ತುಳಿದು, ದಪದಪ ನಡೆದು ಬಂದು ಈಚೆಯ ದಂಡೆಯಲ್ಲಿ ಕಾಲಿಟ್ಟಳು. "ದಾಟಿದ್ನೋ ಖಾದರಣ್ಣ!"

ಖಾದರಸಾಬನ ಎದೆ ತುಂಬಿ ಬಂತು. ಕೊಡೆ ಕೈಜಾರಿ ಹಾರಿಹೋದದ್ದೂ ತಿಳಿಯಲಿಲ್ಲ. ಅವಳ ಹಿಂದೆ ಸಾಲಿ ಮಕ್ಕಳು ಹೋ ಎಂದು ಓಡಿ ಬಂದವು. ಅವುಗಳ ಹಿಂದೆ ಮುದುಕಿಯರು. ಮುದುಕಿಯರ ಹಿಂದೆ ಭರಮವ್ವನ ಎಮ್ಮೆಗಳು, ಯಾವ ಗೆರೆಯನ್ನೂ ಲೆಕ್ಕಿಸದೆ. ಕೊನೆಗೆ ಕನಕಪ್ಪನೂ ಕುರ್ಚಿ ಮಡಿಚಿಕೊಂಡು ಈ ಕಡೆಯಿಂದ ಆ ಕಡೆಗೆ ಹೋಗಿ, ಹೇಗಿದೆ ಎಂದು ನೋಡಿ, ತಿರುಗಿ ಬಂದ. ಖಾದರಸಾಬ ದೋತರದ ತುಂಡು ಬಿಚ್ಚಿ, ಮೂರು ತಿಂಗಳ ಗಾರೆ ಹತ್ತಿದ ಕರಣಿ ಹಿಡಿದು, ನೀರಿನ ಅಂಚಿಗೆ ಬಗ್ಗಿದ.

"ಚಾಚಾ, ನಿಂದರ್ರಿ!"

ಹೇಮಾ. ಅವಳ ಹಿಂದೆ ಮೋಟರಬೈಕು ನಿಲ್ಲಿಸಿ ಅಂಬರೀಶ ಅವರು ಓಡಿ ಬರುತ್ತಿದ್ದರು. ಏಣಿ ಹೋದ ಸುದ್ದಿ ಕೇಳಿ ಇಬ್ಬರೂ ಹಾನಗಲ್‌ನಿಂದ ಹೊರಟಿದ್ದರು. ಅಂಬರೀಶ ಅವರು ಸೇತುವೆಯ ಮೇಲೆ ಹೋಗುತ್ತಿದ್ದ ಎಮ್ಮೆಯನ್ನೂ ಬರುತ್ತಿದ್ದ ಮಕ್ಕಳನ್ನೂ ನೋಡಿ, ಗಂಟಲು ಸರಿಮಾಡಿಕೊಂಡು, ಜೇಬಿನಿಂದ ಕರಾರು ಪತ್ರ ತೆಗೆದರು.

"ಖಾದರಸಾಬ್ರ, ನಿಯಮದ ಪ್ರಕಾರ ಕೇಳಾಕತ್ತೇನಿ. ಯಾರರ ದಾಟ್ಯಾರೇನ್ರಿ?"

ಹೇಮಾ ಅವನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳಿದಳು. "ಚಾಚಾ, ಹೌದು ಅಂದ್ರ ಇವತ್ತ ನಿಮ್ಮ ಎಂಬತ್ತಾರ ಸಾವಿರ ಬರ್ತೈತಿ. ಸುಳ್ಳ ಅಲ್ಲ, ನಾನ ಹಾಕ್ತೇನಿ. ಆದ್ರ ಸರಾಸರಿ ಕೆಂಪಾಕ್ಕೈತಿ. ಕೆಂಪಾತಂದ್ರ ಹದಿನೇಳನೇ ನಿಯಮ. ಎಲ್ಲಾ ಸೇತುವಿಗೂ ಬೇಲಿ ಹಾಕಿ, ತನಿಖಿ ಮುಗಿಯೂತನಕ ಮುಚ್ಚಬೇಕು. ಇದನ್ನೂ."

"ತನಿಖಿ ಎಷ್ಟ ದಿನ?"

"ಹಿಂದಿಂದು ಹದಿನಾರ ವರ್ಷ ಆತ್ರಿ. ಇನ್ನೂ ನಡದೈತಿ."

ಖಾದರಸಾಬ ನೀರನ್ನು ನೋಡಿದ. ಕರಣಿಗೂ ನೀರಿಗೂ ನಡುವೆ ಒಂದು ಗೇಣು ಅಂತರ. ಮಾಬೂಬಿಯ ಏಳು ಪಾತೇಲಿ ಕಣ್ಣಿಗೆ ಬಂದವು. ತಲೆಯೆತ್ತಿ ಸೇತುವೆಯನ್ನು ನೋಡಿದ. ಮೊನ್ನೆ ಏಣಿಗೆ ನೇತಾಡಿದ ಮುದುಕಿ ಈಗ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಬೀಸಿಕೊಂಡು, ಸುಮ್ಮನೆ ಮಜಾಕ್ಕೆಂದು ಮೂರನೆಯ ಸಲ ದಾಟುತ್ತಿದ್ದಳು.

ಅವನು ಎದ್ದ. ಕರಣಿಯನ್ನು ತೊಳೆಯದೆ ದೋತರದ ತುಂಡಿನಲ್ಲಿ ಮತ್ತೆ ಸುತ್ತಿದ.

"ಯಾರೂ ದಾಟಿಲ್ರಿ ಸಾಹೇಬ್ರ."

ಅವನ ಹಿಂದಿನಿಂದ ಒಂದು ಎಮ್ಮೆ ಬಂದು ಅಂಬರೀಶ ಅವರನ್ನು ಸರಿಸಿಕೊಂಡು ಹೋಯಿತು.

"ಖಾತ್ರಿ?"

"ಖಾತ್ರಿ ರೀ. ಒಂದ ನರಪಿಳ್ಳಿ ದಾಟಿಲ್ಲ."

ಅಂಬರೀಶ ಅವರು ದೀರ್ಘವಾಗಿ ಉಸಿರುಬಿಟ್ಟರು. ಹೇಳಿಕೆಗೆ ಇಬ್ಬರು ಸ್ಥಳೀಯ ಸಾಕ್ಷಿಗಳ ಸಹಿ ಬೇಕಾಗಿತ್ತು. ಯಾರೂ ದಾಟಿಲ್ಲವಾದ್ದರಿಂದ ಸ್ಥಳೀಯರೆಲ್ಲ ಆಚೆಯ ದಂಡೆಯಲ್ಲೇ ಇರಬೇಕಿತ್ತು. ಅವರು ಕಾಗದ ತೋಯದಂತೆ ಅಂಗಿಯೊಳಗಿಟ್ಟುಕೊಂಡು, ಸೇತುವೆಯನ್ನು ದಾಟಿ ಹೋಗಿ, ಯಾರೂ ದಾಟಿಲ್ಲವೆಂಬುದಕ್ಕೆ ಸಾಕ್ಷಿ ಹಾಕಿಸಿಕೊಂಡು, ಸೇತುವೆಯನ್ನು ದಾಟಿ ಬಂದರು. "ಗಟ್ಟಿ ಕಟ್ಟೀರಿ ಖಾದರಸಾಬ್ರ," ಎಂದು ಮೆಚ್ಚಿದರು. ಹೇಮಾ ಫೋನಿನಲ್ಲೇ ಮೌಲ್ಯದರ್ಶಿ ತೆರೆದು ಆ ದಿನದ ನಿಜ ವೆಚ್ಚ ಸೊನ್ನೆ ಎಂದು ತುಂಬಿದಳು. ಎಂಟು ಮಲಗಿದಲ್ಲಿಯೇ ಮಲಗಿತ್ತು.

ಜಾಲಿಕಟ್ಟಿಯವರಿಗೆ ಈ ಸಂಗತಿ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ, ಭರಮವ್ವ ಅಲ್ಲಿಯೇ ನಿಂತಿದ್ದಳಲ್ಲ. ಮಳೆ ಬಿಡುವು ಕೊಟ್ಟ ಮೊದಲ ಭಾನುವಾರ ಎರಡು ಟೆಂಪೋ ತುಂಬಾ ಜನ ಸವಣೂರಿಗೆ ಬಂದಿಳಿದರು. ಅಗಸಿ ಬಾಗಿಲಿನ ಉಳಿದ ಹಾಸುಗಲ್ಲು ತಂದಿದ್ದರು. ಕಾಗದದ ಗಟಾರದಲ್ಲಿ ಇನ್ನೂ ಹನ್ನೊಂದು ಚೀಲ ಸಿಮೆಂಟು ಉಳಿದಿತ್ತು, ಅದನ್ನೂ ತಂದಿದ್ದರು. ಭರಮವ್ವ ಹೊಸದೊಂದು ಕರಣಿ ಕೊಂಡುತಂದು ಖಾದರಸಾಬನ ಕೈಗಿಟ್ಟಳು.

"ಇದಕ್ಕೇನ ಗಾರಿ ಹತ್ತಿಲ್ಲ. ನಿಮ್ಮಜ್ಜ ಏನೂ ಅನ್ನಾಂಗಿಲ್ಲ. ಹತ್ರಿ ಮ್ಯಾಲ."

ಅಜ್ಜನ ಕರಣಿ ಟ್ರಂಕಿನ ತಳಕ್ಕೆ ಹೋಯಿತು. ಹೊಸ ಕರಣಿ ಅವನ ಕೈಗೆ ದೊಡ್ಡದಾಗಿತ್ತು, ಆದರೂ ಸಂಜೆಯ ಹೊತ್ತಿಗೆ ಒಗ್ಗಿತು. ಮಾಬೂಬಿ ಅರವತ್ತು ಮಂದಿಗೆ ಗೋಧಿ ಹುಗ್ಗಿ ಮಾಡಿ ಬಡಿಸಿ, ಎಲ್ಲರನ್ನೂ ಬೈದು ಬೈದು ಎರಡೆರಡು ಸಲ ಉಣ್ಣಿಸಿದಳು. ಮುಂದಿನ ಮಳೆಗೆ ಅವಳು ಪಾತೇಲಿಗಳನ್ನು ಸಾಲಾಗಿ ಇಟ್ಟುಕೊಂಡು ಕಾದಳು. ಒಂದು ಹನಿಯೂ ಬೀಳಲಿಲ್ಲ. ಏಳು ಪಾತೇಲಿಯನ್ನೂ ಎತ್ತಿ ಅಟ್ಟಕ್ಕೆ ಹಾಕಿ, ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕಳು.

ಆ ವಾರವೇ ಅಂಬರೀಶ ಅವರು ಬಂದರು. ಹಸಿರು ಇಂಕಿನ ಪತ್ರ, ಹಿಂದೆ ಕುರ್ಚಿ ಹಿಡಿದ ಕನಕಪ್ಪ, ಅವನ ಹಿಂದೆ ಬಣ್ಣದ ಡಬ್ಬಿಯೊಂದಿಗೆ ಹೇಮಾ. ಒಂದೂವರೆ ಲಕ್ಷ ಬೆಲೆಯ ಕೆಲಸ, ನಿಜ ವೆಚ್ಚ ಸೊನ್ನೆ. ಇಂಥದ್ದು ಪ್ರಾಧಿಕಾರದ ಗಮನಕ್ಕೆ ಬರದೆ ಹೋಗುವುದು ಸಾಧ್ಯವಿರಲಿಲ್ಲ. ಖಾದರಸಾಬನ ಮಾಳಿಗೆಯನ್ನು ಕಾಲುಸೇತುವೆ ಸಂಖ್ಯೆ ನಲವತ್ತೆರಡು ಎಂದು ಮೌಲ್ಯದರ್ಶಿಯಲ್ಲಿ ದಾಖಲಿಸಲಾಗಿತ್ತು. ಎರಡು ಅನಂತಗಳಿರುವ ಪ್ರಾಧಿಕಾರ ಸುತ್ತಮುತ್ತ ಎಲ್ಲಿಯೂ ಇರಲಿಲ್ಲ.

"ನಡುವ ಒಂದ ಗೆರಿ ಬರ್ತೈತ್ರಿ, ಅಷ್ಟ," ಎಂದರು ಅಂಬರೀಶ ಅವರು, ಎಲ್ಲರೊಂದಿಗೆ ಮಾಳಿಗೆ ಹತ್ತಿ ನಿಂತು. "ಆ ಗ್ವಾಡಿಯಿಂದ ಈ ಗ್ವಾಡಿಗೆ ಪೂರಾ ದಾಟಬಾರದು. ಅರ್ಧ ಅಡ್ಡಾಡಬಹುದು."

"ಮೆಣಸಿನಕಾಯಿ ಒಣಾ ಹಾಕಬೇಕು," ಎಂದಳು ಮಾಬೂಬಿ.

"ಈ ಅರ್ಧದಾಗ ಹಾಕ್ರಿ. ಆ ಅರ್ಧದಾಗ ಹಾಕೂದಿದ್ರ ಕೆಳಗಿಳದು ಆ ಕಡೆಯಿಂದ ಹತ್ರಿ."

ಮಾಬೂಬಿ ಗಂಡನ ಮುಖ ನೋಡಿದಳು. ಖಾದರಸಾಬ ಹೇಮಾಳ ಕೈಯಲ್ಲಿದ್ದ ಬ್ರಶ್ಶನ್ನು ನೋಡುತ್ತಿದ್ದ. ಅವಳು ಅಂದಾಜಿನ ಮೇಲೆ ಗೆರೆ ಎಳೆಯಲು ಬಗ್ಗಿದ್ದಳು.

"ತಡಿಯವಾ," ಎಂದ ಅವನು. ಕೆಳಗಿಳಿದು ಒಳಗೆ ಹೋಗಿ ಸೂತ್ರದ ದಾರ ತಂದ. ಒಂದು ತುದಿಯನ್ನು ಕನಕಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಗೋಡೆಯಿಂದ ಗೋಡೆಗೆ ಅಳೆದು, ದಾರವನ್ನು ಸರಿಯಾಗಿ ಎರಡು ಮಡಿಕೆ ಮಾಡಿ, ಸುಣ್ಣದಿಂದ ಗುರುತು ಹಾಕಿದ.

"ನಡುವ ಇಲ್ಲಿ ಬರ್ತೈತಿ. ಸೊಟ್ಟ ಎಳೀಬ್ಯಾಡ."